ಬಲ ಹಿಂದಿನ ಚಕ್ರ

ಹಿಮನಾಡಿನ ಕುಸಾಮೊ ಊರಿನ ಆ ಕಾರ್ ವರ್ಕ್‌ಶಾಪ್‌ನಲ್ಲಿ ಒಂದು ಕಟ್ಟಳೆ ಇತ್ತು. ದೋಷ ಕಂಡುಹಿಡಿದ ಮೆಕ್ಯಾನಿಕ್ಕೇ ತಪಾಸಣೆ ಹಾಳೆಗೆ ಸಹಿ ಹಾಕಬೇಕು. ಸಹಿಯಿಲ್ಲದೆ ಒಂದು ಬೋಲ್ಟನ್ನೂ ತರಿಸುವಂತಿಲ್ಲ. ಕಟ್ಟಳೆ ಮಾಡಿದವನು ಮಾಲೀಕ ರೈಮೊ. ಶುಕ್ರವಾರ ಬೆಳಿಗ್ಗೆ ಅವನೇ ತುಂಬಿಸಿ ತಂದ ಹಾಳೆಗೆ ಮೆಕ್ಯಾನಿಕ್ ಸೈಮಿ ಸಹಿ ಹಾಕಲಿಲ್ಲ.

"ಎಬಿಎಸ್ ಕಂಟ್ರೋಲ್ ಯೂನಿಟ್ ಸತ್ತಿದೆ ಅಂತ ಯಾರು ಹೇಳಿದ್ದು?" ಎಂದು ಕೇಳಿದಳು.

"ಮೂವತ್ತು ವರ್ಷದ ಅನುಭವ."

"ಹಾಗಾದ್ರೆ ಆ ಅನುಭವದ ಹತ್ರಾನೇ ಸಹಿ ಹಾಕಿಸ್ಕೊಳ್ಳಿ."

ಕಾರು ತೈನಾಳದು. ವಯಸ್ಸಾದವರ ಮನೆಮನೆಗೆ ಹೋಗುವ ನರ್ಸ್ ಅವಳು. ದಿನಕ್ಕೆ ನೂರನಲವತ್ತು ಕಿಲೋಮೀಟರ್, ಎಲ್ಲ ಮಂಜುಗಡ್ಡೆಯ ರಸ್ತೆ. ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್‌ನ ಎಚ್ಚರಿಕೆ ದೀಪ ಮೂರು ವಾರದಿಂದ ಆರಿರಲಿಲ್ಲ. ಕಂಪ್ಯೂಟರ್ ಹೇಳಿದ್ದು ಇಷ್ಟೇ: ಬಲ ಹಿಂದಿನ ಚಕ್ರದಿಂದ ಸುದ್ದಿಯಿಲ್ಲ. ರೈಮೊ ಆಗಲೇ ಹೊಸ ಸೆನ್ಸರ್ ಹಾಕಿದ್ದ. ದೀಪ ಜಪ್ಪಯ್ಯ ಅಂದರೂ ಆರಿರಲಿಲ್ಲ.

"ಸೆನ್ಸರ್ ಹೊಸದು, ವೈರ್ ಸರಿಯಿದೆ. ಇನ್ನುಳಿದಿದ್ದು ಯೂನಿಟ್ ತಾನೆ?" ಅಂದ ರೈಮೊ. "ಸಹಿ ಹಾಕು. ಇಲ್ಲಾಂದ್ರೆ ಸೋಮವಾರ ಬರಬೇಡ."

"ಇನ್ನೂ ಒಂದು ಉಳಿದಿದೆ" ಎಂದಳು ಸೈಮಿ.

ಕಾಫಿ ಹಿಡಿದು ನಿಂತಿದ್ದ ತೈನಾ ಮೆಲ್ಲಗೆ ಕೇಳಿದಳು: "ನನ್ನಿಂದಾಗಿ ನಿನ್ನ ಕೆಲಸ ಹೋಗುತ್ತಾ?"

"ಹೋದ್ರೆ ನನ್ನಿಂದಾಗೇ ಹೋಗುತ್ತೆ. ನೀನು ಕಾಫಿ ಕುಡಿ."

ಸೈಮಿ ಸೆನ್ಸರನ್ನು ಚಕ್ರದ ಬುಡದ ತೂತಿನಿಂದ ಬಿಚ್ಚಿ, ವೈರಿನಲ್ಲೇ ನೇತಾಡಿಸಿ, ಅದರ ಮೂತಿಯ ಮುಂದೆ ಒಂದು ಅಯಸ್ಕಾಂತವನ್ನು ಅತ್ತಿತ್ತ ಆಡಿಸಿದಳು. ಕಂಪ್ಯೂಟರ್ ಪರದೆಯ ಮೇಲೆ ಅಲೆಗಳೆದ್ದವು. ಸೆನ್ಸರ್, ವೈರ್, ಯೂನಿಟ್ ಮೂರೂ ಜೀವಂತ. ಆಮೇಲೆ ಕಾಗದಕ್ಕೆ ಹಾಕುವ ಉಕ್ಕಿನ ಕ್ಲಿಪ್ಪೊಂದನ್ನು ನೆಟ್ಟಗೆ ಮಾಡಿ, ಹಿಂದಿನ ಎಡಚಕ್ರದ ಸೆನ್ಸರನ್ನೂ ತೆಗೆದು, ಆ ತೂತಿಗೆ ಕ್ಲಿಪ್ಪನ್ನು ತೂರಿಸಿದಳು. ತುದಿಯನ್ನು ಒಳಗಿಂದ ಏನೋ ಎಳೆಯಿತು. ಬಲಗಡೆ ತೂರಿಸಿದಳು. ಎಳೆತವೇ ಇಲ್ಲ.

ಚಕ್ರ ತಿರುಗುವ ಬೇರಿಂಗಿನ ಒಂದು ಮುಖದಲ್ಲಿ ಅಯಸ್ಕಾಂತದ ಪಟ್ಟಿ ಇರುತ್ತದೆ; ಚಕ್ರದ ವೇಗವನ್ನು ಸೆನ್ಸರ್ ಓದುವುದು ಅದರಿಂದ. ಕಣ್ಣಿಗೆ ಎರಡೂ ಮುಖ ಒಂದೇ ತರಹದ ಕಪ್ಪು; ಹಿಂದುಮುಂದಾಗಿ ಹಾಕಿದರೂ ಗೊತ್ತಾಗದು.

"ಈ ಬೇರಿಂಗ್ ಹಾಕಿದ್ದು ಯಾವಾಗ?"

"ಸೆಪ್ಟೆಂಬರ್‌ನಲ್ಲಿ. ಸದ್ದು ಮಾಡ್ತಿತ್ತು" ಅಂದಳು ತೈನಾ. "ಆಗ ಸದ್ದೇನೋ ನಿಂತಿತು. ದೀಪ ಹತ್ತೋದು, ಇಲ್ಲಿಗೆ ತಂದ್ರೆ ಆರೋದು. ಈಗ ಆರೋದೇ ಇಲ್ಲ."

"ಆರ್ತಿದ್ದಿದ್ದು ಹೇಗೆ?"

"ಪ್ರತಿ ಸಲ ನಾನೇ ಕಂಪ್ಯೂಟರಿನಿಂದ ದೋಷದ ಕೋಡ್ ಅಳಿಸ್ತಿದ್ದೆ" ಎಂದ ರೈಮೊ. ಕೂಡಲೇ ದನಿ ಏರಿಸಿದ: "ನನಗೆ ಬೇರಿಂಗ್ ಹಾಕೋಕೆ ಕಲಿಸ್ತೀಯಾ, ಮಹಾತಾಯಿ?"

"ಇಲ್ಲ. ಬಿಚ್ಚೋಕೆ ಕಲಿಸ್ತೀನಿ. ಒತ್ತುಯಂತ್ರ ನನಗೆ ಬಿಡಿ."

ಮಧ್ಯಾಹ್ನ ಹನ್ನೆರಡಕ್ಕೆ ಬೇರಿಂಗ್ ಬೆಂಚಿನ ಮೇಲಿತ್ತು. ಸೆನ್ಸರಿನತ್ತ ಇದ್ದ ಮುಖಕ್ಕೆ ಅವಳು ಕಬ್ಬಿಣದ ಪುಡಿ ಉದುರಿಸಿದಳು. ಪುಡಿ ಸುಮ್ಮನೆ ಜಾರಿ ಬಿತ್ತು. ಮಗುಚಿ ಉದುರಿಸಿದಳು. ಪುಡಿ ಬಾಚಣಿಗೆಯ ಹಲ್ಲಿನಂತೆ ಸಾಲುಗಟ್ಟಿ ನಿಂತಿತು.

ರೈಮೊ ಬೇರಿಂಗನ್ನು ಕೈಗೆತ್ತಿಕೊಂಡು ಎರಡೂ ಮುಖ ನೋಡಿದ.

ಸೈಮಿ ಕಪಾಟಿನಲ್ಲಿದ್ದ ಹೊಸ ಬೇರಿಂಗನ್ನು ಸರಿಮುಖಕ್ಕೆ ಒತ್ತಿ ಕೂರಿಸಿ, ಕಾರನ್ನು ಊರ ಸುತ್ತ ಓಡಿಸಿ ತಂದಳು. ದೀಪ ಹತ್ತಲಿಲ್ಲ. ಅವನ ಹಾಳೆಯನ್ನು ಹರಿದು ಹೊಸದರಲ್ಲಿ ಬರೆದಳು: "ದೋಷ: ಬೇರಿಂಗ್ ಹಿಂದುಮುಂದು. ಹಾಕಿದ್ದು: ಇದೇ ವರ್ಕ್‌ಶಾಪ್."

"ಎರಡನೇ ಸಾಲು ಬೇಡ" ಎಂದ ರೈಮೊ.

"ಕಟ್ಟಳೆ ನಿಮ್ಮದು. ಕಂಡುಹಿಡಿದವಳು ನಾನು."

ಸಹಿ ಹಾಕಿ ಹಾಳೆಯನ್ನು ತೈನಾಳ ಕೈಗಿತ್ತಳು. ಕೈಗವಸು ಕಳಚಿ ಬೆಂಚಿನ ಮೇಲಿಟ್ಟಳು; ಸೋಮವಾರ ಬಂದಾಗ ಕೈಗೆ ಸಿಗುವ ಜಾಗದಲ್ಲೇ.

"ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೀರಿ" ಎಂದಳು ರೈಮೊಗೆ.