ದೂರದ ಅನಿಲ ಮಂಕಾದ ವಾರ

ತಿಂಗಳ ಕೊನೆಗೆ ಮೇಷ್ಟ್ರ ನಿವೃತ್ತಿ. ಅಷ್ಟರೊಳಗೆ ಅವರ ಕೊನೆಯ ಪ್ರಬಂಧ ಅಚ್ಚಿಗೆ ಹೋಗಬೇಕಿತ್ತು. ಅದಕ್ಕೆ ನಕ್ಷೆ ಬಿಡಿಸಲು ಕೂತ ಶಿಷ್ಯೆಗೆ ಮಾತ್ರ ಫಲಿತಾಂಶ ಗಂಟಲಲ್ಲಿ ಇಳಿಯಲಿಲ್ಲ.

ಗ್ಯಾಲಕ್ಸಿಯೊಂದರ ನಡುವಿನ ಕಪ್ಪುಕುಳಿ. ಅದರ ಸುತ್ತ ಧಗಧಗಿಸುವ ಕೇಂದ್ರ. ಆ ಬೆಳಕು ಬಡಿದು ಹೊಳೆಯುವ ಅನಿಲ. ಕೇಂದ್ರ ಬೆಳಗಿದ ಎಷ್ಟು ದಿನಕ್ಕೆ ಹತ್ತಿರದ ಅನಿಲ ಬೆಳಗುತ್ತದೆಂದು ಅಳೆದರೆ ಅದು ಇರುವ ದೂರ ತಿಳಿಯುತ್ತದೆ. ಮೇಷ್ಟ್ರ ಲೆಕ್ಕದಲ್ಲಿ ಎರಡೂ ಒಟ್ಟಿಗೇ ಬೆಳಗಿದ್ದವು. ಅಂದರೆ ಅನಿಲ ಯಾರೂ ನೆನೆಸದಷ್ಟು ಹತ್ತಿರ!

ಇನ್ನೊಂದು ಅನಿಲ ಬಲು ದೂರದವರೆಗೆ ಹರಡಿರುತ್ತದೆ. ಅದರ ಹೊಳಪು ಬೇಗ ಬದಲಾಗದು. ಹಾಗಾಗಿ ಅದನ್ನೇ ಅಳತೆಗೋಲಾಗಿ ಹಿಡಿಯುವುದು ವಾಡಿಕೆ. ಶಿಷ್ಯೆ ಆ ಅಳತೆಗೋಲನ್ನೇ ಹೊಳಪು ಬದಲಾಗದ ಪಕ್ಕದ ನಕ್ಷತ್ರದೊಂದಿಗೆ ಹೋಲಿಸಿ ನೋಡಿದಳು. ಒಂದೇ ವಾರದಲ್ಲಿ ಅದು ಮಂಕಾಗಿತ್ತು. ದಾಟಲು ಬೆಳಕಿಗೇ ಶತಮಾನಗಳು ಬೇಕಾದ ಮೋಡ ವಾರದಲ್ಲಿ ಮಂಕಾಗುವುದುಂಟೆ?

ವೀಕ್ಷಣಾಲಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದಳು.

"ಅಣ್ಣ, ಆ ವಾರ ಏನಾದ್ರೂ ಬದಲಾಯಿಸಿದ್ರಾ?"

"ಮೇಷ್ಟ್ರೇ ಹೇಳಿದ್ರಲ್ಲಮ್ಮ, ವರ್ಣಪಟಲದಲ್ಲಿ ಗೆರೆ ಚೂಪಾಗಿ ಬರಲಿ ಅಂತ. ಬೆಳಕು ಒಳಗೆ ಬಿಡೋ ಸೀಳನ್ನ ಅರ್ಧಕ್ಕಿಳಿಸಿದ್ವಿ."

ಹರಡಿದ ಅನಿಲದ ಅಂಚು ಸೀಳಿನ ಹೊರಗೇ ಉಳಿದಿತ್ತು. ಅಳತೆಗೋಲು ಗಿಡ್ಡವಾಗಿ, ಅಳೆದದ್ದೆಲ್ಲ ಉದ್ದವಾಗಿ, ಕೇಂದ್ರವೂ ಹತ್ತಿರದ ಅನಿಲವೂ ಒಟ್ಟಿಗೇ ಬೆಳಗಿದಂತೆ ಕಂಡಿತ್ತು.

ಮೇಷ್ಟ್ರು ಕಪಾಟಿನ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದರು.

"ಏನಮ್ಮ, ಮುಖ ಸೋರೆಕಾಯಿ ಮಾಡ್ಕೊಂಡು ಬಂದೆ? ನಕ್ಷೆ ಮುಗೀತಾ?"

ಅವಳು ಹೇಳಿದಳು. ಮೇಷ್ಟ್ರ ಕೈಯಲ್ಲಿದ್ದ ಪುಸ್ತಕ ಕೈಯಲ್ಲೇ ಉಳಿಯಿತು.

"ಸೀಳು ಕಿರಿದು ಮಾಡಿಸಿದ್ದು ನಾನೇ," ಎಂದರು. "ಹುಡುಗರಿಗೆಲ್ಲ ಪಾಠ ಹೇಳಿದ್ದೂ ನಾನೇ, ಹಾಗೆ ಮಾಡಬಾರದು ಅಂತ."

"ಆ ವಾರದ ಹಿಂದಿನದನ್ನ ಮಾತ್ರ ಇಟ್ಕೊಂಡ್ರೆ, ಸರ್?"

"ಆಗ ಅನಿಲ ಎಷ್ಟು ದೂರ ಅಂತ ಬರುತ್ತೆ?"

"ಹೇಳೋಕಾಗಲ್ಲ. ಇನ್ನೊಂದು ವರ್ಷ ನೋಡಬೇಕು."

"ಇನ್ನೊಂದು ವರ್ಷ," ಎಂದು ಮೇಷ್ಟ್ರು ನಕ್ಕರು. ನಗು ಅರ್ಧಕ್ಕೇ ನಿಂತಿತು. "ಮುಂದಿನ ತಿಂಗಳು ಈ ಕೋಣೆ ಬೀಗದ ಕೈಯೇ ನನ್ನ ಹತ್ರ ಇರಲ್ಲ."

"ನಾನು ನೋಡ್ತೀನಿ. ನಿಮ್ಮ ಹೆಸರು..."

"ಬೇಡ. ನೋಡಿದವರ ಹೆಸರೇ ಇರಲಿ."

ಪ್ರಬಂಧಕ್ಕೆ ಜೊತೆಗೆ ದುಡಿದವರಿಗೆ ತಾನೇ ಫೋನ್ ಮಾಡಿ ತಿಳಿಸಲೇ ಎಂದು ಅವಳು ಕೇಳಿದಳು. ಮೇಷ್ಟ್ರು ಬೇಡವೆಂದು ತಲೆಯಾಡಿಸಿ ಫೋನನ್ನು ತಮ್ಮ ಕಡೆಗೆಳೆದುಕೊಂಡರು. ಹಿರಿಯರಿಂದಲೇ ಶುರುಮಾಡಿ, ತಪ್ಪು ತಮ್ಮದೆಂದು, ಪ್ರಬಂಧ ಅಚ್ಚಿಗೆ ಹೋಗದೆಂದು ಪ್ರತಿಯೊಬ್ಬರಿಗೂ ಎದ್ದು ನಿಂತೇ ಹೇಳಿದರು.