ಬೂಟಿನ ಪರೀಕ್ಷೆಗೆ ಬಂದ ಹೋರಿ

ಓಟಕ್ಕೆ ಬರುವ ಮಕ್ಕಳು ತಮ್ಮ ಬೂಟು ಓಡಲು ಯೋಗ್ಯವೆಂದು ಪ್ರಮಾಣಪತ್ರ ತರಬೇಕು, ಇಲ್ಲದಿದ್ದರೆ ಓಡುವಂತಿಲ್ಲ ಎಂದು ಹಾವೇರಿಯ ಓಟದ ಸಮಿತಿಯಿಂದ ಕಾಗದ ಬಂತು. ಪರೀಕ್ಷೆ ಮಾಡುವವರು ಯಾರು? ಅದನ್ನು ಬರೆಯುವುದು ಪುಣ್ಯಾತ್ಮರಿಗೆ ಮರೆತುಹೋಗಿತ್ತು. ನಮ್ಮ ಮಾಸೂರಿನಲ್ಲಿ ಯಂತ್ರವಿಲ್ಲ, ಮಂಜಪ್ಪನ ಹೋರಿಯಿದೆ. ಹೋರಿ ಹಬ್ಬದಲ್ಲಿ ಅದನ್ನು ಓಡಿಸಿದಾಗ ಕೊರಳಿನ ಕೊಬ್ಬರಿ ಸರ ಆರು ವರ್ಷದಿಂದ ಯಾರ ಕೈಗೂ ಸಿಕ್ಕಿರಲಿಲ್ಲ. ಹೋರಿಯ ಬೆನ್ನಟ್ಟಿ ಆ ಸರ ಹರಿದ ಬೂಟೇ ಪಾಸು ಎಂದು ಊರ ಹಿರಿಯರು ತೀರ್ಮಾನಿಸಿದರು. ಸಹಿ ಹಾಕುವವನೂ ಮಂಜಪ್ಪನೇ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಾಯಿತು. ಡ್ರಿಲ್ ಮಾಸ್ತರನಾದ ನಾನು ಸುಮ್ಮನೆ ನಿಂತಿದ್ದೆ. ಆ ಸಿಟ್ಟು ನನ್ನ ಮೇಲೆ ನನಗೆ ಇನ್ನೂ ಇದೆ.

ಎಂಟು ಜೊತೆ ಬೂಟು ನಪಾಸಾದವು. ಪ್ರತಿ ಸಲವೂ ಮಂಜಪ್ಪ ಹೋರಿಗೆ ಬೆಲ್ಲ ತಿನ್ನಿಸಿದ.

ಕೊನೆಗೆ ಬಂದವಳು ಸಂಘಮಿತ್ರಾ. ಹಾವೇರಿಯಲ್ಲಿ ಓಡದಿದ್ದರೆ ಅವಳಿಗೆ ಕ್ರೀಡಾ ಹಾಸ್ಟೆಲಿನ ಸೀಟಿಲ್ಲ. ಮದಗದ ಕೆರೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಅವಳ ಅವ್ವ ಗುತ್ತೆವ್ವ, ಹಿರೇಕೆರೂರ ಸಂತೆಯಿಂದ ಬೂಟು ತಂದಿದ್ದಳು. ಬೆಳೆಯುವ ಹುಡುಗಿ ಎಂದು ಎರಡು ನಂಬರು ದೊಡ್ಡದು.

ಹೋರಿ ಬಿಟ್ಟರು. ಮೊದಲ ಹೆಜ್ಜೆಗೆ ಎಡಗಾಲಿನ ಬೂಟು ಕಳಚಿತು, ಎರಡನೆಯದಕ್ಕೆ ಬಲಗಾಲಿನದು. ಹುಡುಗಿ ತಿರುಗಿ ನೋಡಲಿಲ್ಲ. ಊರ ಅಗಸಿ ಬಾಗಿಲು ದಾಟುವಷ್ಟರಲ್ಲಿ ಕೊಬ್ಬರಿ ಸರ ಅವಳ ಕೈಯಲ್ಲಿತ್ತು!

ಮಂಜಪ್ಪ ಹೋರಿಯ ಕೊರಳು ತಬ್ಬಿ ಸ್ವಲ್ಪ ಹೊತ್ತು ಅತ್ತ. ಆಮೇಲೆ ಮೂಗು ಒರೆಸಿಕೊಂಡು, "ಬೂಟು ನಪಾಸು," ಅಂದ.

"ಯಣ್ಣಾ, ನನ್ನ ಮಗಳು ಸರ ಹರಕೊಂಡಾಳಲ್ಲೋ!" ಎಂದು ಗುತ್ತೆವ್ವ ಕೂಗಿದಳು.

"ಹರದಿದ್ದು ಕಾಲು, ತಂಗಿ, ಬೂಟಲ್ಲ. ನಾ ಸುಳ್ಳು ಬರಿಯಾಂವಲ್ಲ. ಬೇಕಾರ ಕಾಲಿಗೆ ಬರದು ಕೊಡ್ತೇನಿ."

ಕೊಟ್ಟೇಬಿಟ್ಟ. ಪ್ರಮಾಣಪತ್ರದ ಫಾರ್ಮಿನಲ್ಲಿ 'ತಯಾರಿಸಿದವರು' ಎಂಬಲ್ಲಿ ಮಾತ್ರ ಪೆನ್ನು ನಿಲ್ಲಿಸಿ, ಗುತ್ತೆವ್ವನನ್ನೊಮ್ಮೆ ನೋಡಿ, ಏನೋ ಬರೆದ.

ಹಾವೇರಿಯ ಮೈದಾನದಲ್ಲಿ ಓಟದ ಸಮಿತಿಯ ಸಾಹೇಬರು ಕಾಗದ ಓದಿದರು, ಸಂಘಮಿತ್ರಾಳ ಬರಿಗಾಲು ನೋಡಿದರು, ಮತ್ತೆ ಓದಿದರು.

"ತಯಾರಿಸಿದವರು, ಗುತ್ತೆವ್ವ, ಮಾಸೂರು. ಈ ಕಂಪನಿ ಹೆಸರು ನಾ ಕೇಳಿಲ್ಲಲ್ರಿ. ಮಾಲು ಬಾಳಿಕಿ ಬರ್ತದೇನು?"

ಗುತ್ತೆವ್ವ ಹೊಸ ಬೂಟುಗಳನ್ನು ಎದೆಗವಚಿಕೊಂಡು ಮುಂದೆ ಬಂದಳು. "ಹದಿನಾರು ವರ್ಷ ಆತ್ರೀ ಸಾಹೇಬ್ರ. ಇನ್ನೂ ಸವದಿಲ್ಲ."

ಸಾಹೇಬರು ಕನ್ನಡಕ ಸರಿಮಾಡಿಕೊಂಡು ನೆಲಕ್ಕೆ ಮೊಣಕಾಲೂರಿದರು. ಎರಡೂ ಪಾದಗಳ ಮೇಲೆ ಸೀಲು ಒತ್ತಿ, "ಓಡವ್ವ," ಅಂದರು.