ಬೆಂಕಿ ಬಕೀಟಿನ ಆಲೂಗೆಡ್ಡೆ

ಅಜ್ಜಂಪುರದಿಂದ ತಂತಿ ಬಂದಾಗ ಬೆಳಗ್ಗೆ ಎಂಟು ಗಂಟೆ. ಇನ್‌ಸ್ಪೆಕ್ಷನ್ ದೊರೆ ಟ್ರಾಲಿಯಲ್ಲಿ ಹೊರಟಾಯಿತು, ಒಂಬತ್ತೂವರೆಯೊಳಗೆ ಶಿವನಿ ಸ್ಟೇಷನ್ನಿನಲ್ಲಿರುತ್ತಾರೆ, ಎಲ್ಲ ಒಪ್ಪವಾಗಿರಲಿ. ಸ್ಟೇಷನ್ ಮಾಸ್ತರರು ಅದನ್ನು ಗಟ್ಟಿಯಾಗಿ ಓದಿ ಕೋಟಿನ ಗುಂಡಿ ಹುಡುಕತೊಡಗಿದರು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಹೊನ್ನಯ್ಯ ಮಾತ್ರ ಗೂಡ್ಸ್ ಷೆಡ್ಡಿನ ಕಡೆ ಓಡಿದ. ಬೆಂಕಿ ಬಿದ್ದರೆ ಎರಚಲೆಂದು ಮರಳು ತುಂಬಿಡುವ ಕೆಂಪು ಬಕೀಟುಗಳು ಗೂಡ್ಸ್ ಷೆಡ್ಡಿನ ಹಿಂಗೋಡೆಯಲ್ಲಿ ಆರು ತೂಗುತ್ತಿದ್ದವು. ಅವುಗಳಲ್ಲಿ ನಾಲ್ಕರಲ್ಲಿ ಆಲೂಗೆಡ್ಡೆ ಗಿಡ ಎದ್ದು ನಿಂತಿತ್ತು.

ಆಸೆ ಹೆಂಡತಿ ಕರಿಬಸಮ್ಮನದು, ಬುದ್ಧಿ ಹೊನ್ನಯ್ಯನದು. ಎರೆಹೊಲದಲ್ಲಿ ಬೆಳೆದ ಹೆಣ್ಣು ಅವಳು. ಕಟ್ಟಿಕೊಂಡು ಬಂದದ್ದು ರೈಲ್ವೆ ಮನೆಗೆ. ಅದರ ಹಿತ್ತಲೆಂದರೆ ಬರೀ ಜಲ್ಲಿಕಲ್ಲು, ಹಾರೆಯೂ ಇಳಿಯದು. ಒಬ್ಬ ಗಾರ್ಡು ಮೊಳಕೆ ಬಂದುವೆಂದು ನಾಲ್ಕು ಆಲೂಗೆಡ್ಡೆಯನ್ನು ಗಾಡಿಯಿಂದ ಎಸೆದದ್ದನ್ನು ಅವಳು ಸೆರಗಿನಲ್ಲಿ ಆಯ್ದು ತಂದಿದ್ದಳು. ಆಗೆಲ್ಲ ಆ ಕಡೆ ಆಲೂಗೆಡ್ಡೆಯೆಂದರೆ ದೊಡ್ಡವರ ಮದುವೆಯ ಎಲೆಯಲ್ಲಿ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊದಲು ಒಡಕು ಗಡಿಗೆಯಲ್ಲಿ ಒಂದನ್ನು ನೆಟ್ಟಳು. ಚಿಗುರಿದ ಮರುದಿನವೇ ಊರ ಆಡೊಂದು ಬಂದು ತಿಂದು ಹೋಯಿತು. ಕೂತು ಅತ್ತಳು.

ಆಗ ಹೊನ್ನಯ್ಯನೇ ಹೇಳಿದ್ದ. "ಬೆಂಕಿ ಬಕೀಟಿಗೆ ಹಾಕು ಕಣೇ. ಮೇಲೆ ತೂಗಾಡ್ತವೆ, ಆಡಿಗೆ ನಿಲುಕಲ್ಲ. ನಾನ್ ಬಂದು ಏಳು ವರ್ಸ ಆಯ್ತು, ಯಾವ ಬೆಂಕಿ ಬಿದ್ದೈತೆ ಇಲ್ಲಿ?"

ಮಾಸ್ತರರು ಷೆಡ್ಡಿನ ಹಿಂದಕ್ಕೆ ಹೋಗುವ ಪೈಕಿಯೇ ಅಲ್ಲ. ಹೊನ್ನಯ್ಯ ತಾನೇ ನಾಲ್ಕು ಬಕೀಟಿನ ಮರಳು ಹೊರಗೆ ಸುರಿದು, ತಾನೇ ಕೆರೆಯ ಗೋಡುಮಣ್ಣು ಹೊತ್ತು ತಂದು ತುಂಬಿದ. ಉಳಿದ ಮೂರು ಗೆಡ್ಡೆಯನ್ನು ಕರಿಬಸಮ್ಮ ಮೊಳಕೆಯ ಕಣ್ಣು ನೋಡಿ ಕತ್ತರಿಸಿ ನಾಲ್ಕಕ್ಕೂ ಹಂಚಿದಳು. ಎರಡೂವರೆ ತಿಂಗಳಿಂದ ದಿನಾ ಸಂಜೆ ಬಕೀಟಿನೊಳಗೆ ಬೆರಳಿಳಿಸಿ, ಬಸುರಿಯ ಹೊಟ್ಟೆ ಮುಟ್ಟುವ ಹಾಗೆ ಮೆಲ್ಲಗೆ ತಡಕಿ ನೋಡುತ್ತಿದ್ದಳು. "ಇನ್ನೊಂದ್ ಹದಿನೈದು ದಿನ" ಎನ್ನುತ್ತಿದ್ದಳು.

ಈಗ ಹದಿನೈದು ದಿನ ಎಲ್ಲಿಂದ ತರುವುದು? ಇದ್ದದ್ದು ಒಂದೂವರೆ ಗಂಟೆ, ಮರಳಿನ ಹಳ್ಳ ಒಂದು ಹರದಾರಿ, ಅಂದರೆ ಮೂರು ಮೈಲಿ ದೂರ. ಬೆಂಕಿ ಬಕೀಟಿನ ಮರಳು ಚೆಲ್ಲಿದರೆ ಕೆಲಸ ಹೋಗುತ್ತದೆಂದು ಮಾಸ್ತರರು ವರ್ಷಕ್ಕೊಮ್ಮೆ ರೂಲು ಪುಸ್ತಕ ಓದಿ ಹೇಳುತ್ತಿದ್ದರು. ಕೆಲಸ ಹೋದರೆ ಮನೆಯೂ ಹೋಯಿತು. ಆಮೇಲೆ ಅಮೃತಾಪುರದಲ್ಲಿ ಹೊಲ ಇಟ್ಟುಕೊಂಡ ತಮ್ಮನ ಬಾಗಿಲಿಗೆ ಹೋಗಿ, ತಮ್ಮನ ಹೆಂಡತಿಯ ಕೈ ನೋಡಿ ಉಣ್ಣಬೇಕು.

"ಕುಯ್ದಾಕು" ಎಂದ.

ಕರಿಬಸಮ್ಮ ಕುಡುಗೋಲು ತಂದು ಗಿಡಗಳನ್ನು ಬುಡಕ್ಕೆ ಕೊಯ್ದಳು. ಕಣ್ಣಲ್ಲಿ ನೀರಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಹೊನ್ನಯ್ಯ ಉಳಿದೆರಡು ಬಕೀಟಿನ ಮರಳನ್ನು ನೆಲಕ್ಕೆ ಸುರಿದುಕೊಂಡ. ಖಾಲಿಯಾದ ಆ ಎರಡರ ತಳಕ್ಕೆ ಎಂಜಿನ್ನಿನ ಬೂದಿ ತುರುಕಿ, ಆ ಮರಳನ್ನು ಆರಕ್ಕೂ ಮೇಲೆ ಮೇಲೆ ಹರವಿದ. ದೂರದಿಂದ ನೋಡಿದರೆ ಆರೂ ಒಂದೇ ಸಮ. ಹತ್ತಿರ ಯಾರು ನೋಡುತ್ತಾರೆ ಎಂದು ತನಗೆ ತಾನೇ ಹತ್ತು ಸಲ ಹೇಳಿಕೊಂಡ, ಹತ್ತು ಸಲವೂ ನಂಬಿಕೆ ಬರಲಿಲ್ಲ.

ದೊರೆ ಬಂದ. ಲ್ಯಾಂಪು ನೋಡಿದ, ಬಾವುಟ ನೋಡಿದ, ಟಿಕೆಟ್ ಅಲಮಾರಿಯ ಮೇಲೆ ಬೆರಳೆಳೆದು ಧೂಳು ನೋಡಿದ. ಕೊನೆಗೆ ಷೆಡ್ಡಿನ ಹಿಂದಕ್ಕೆ ನಡೆದು ಬಕೀಟುಗಳನ್ನು ಎಣಿಸಿದ. ತಲೆದೂಗಿದ. ಇನ್ನೇನು ತಿರುಗಬೇಕು, ನಿಂತು ಮಾಸ್ತರರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದ.

"ಒಂದು ಕಟ್ಟು ಹುಲ್ಲು ಹಾಕಿ ಬೆಂಕಿ ಹಚ್ಚಬೇಕಂತೆ. ನೀನು ಆರಿಸಿ ತೋರಿಸಬೇಕಂತೆ" ಎಂದರು ಮಾಸ್ತರರು.

ಹುಲ್ಲು ಬಂತು, ಎರಡು ಹಳೇ ಮರದ ತುಂಡೂ ಬಿತ್ತು. ಬೆಂಕಿ ಭಗ್ಗೆಂದು ಎದ್ದಿತು. ಹೊನ್ನಯ್ಯ ಬೂದಿಯಿದ್ದ ತುದಿಯ ಬಕೀಟಿಗೆ ಕೈ ಹಾಕಿದ. ದೊರೆ ಬೆತ್ತ ಚಾಚಿ ನಡುವಿನದನ್ನು ತೋರಿಸಿದ. ಮಾಡುವುದೇನು? ಕಣ್ಣು ಮುಚ್ಚಿ ಎರಚಿದ. ಮೊದಲು ಮರಳು ಹೋಯಿತು, ಅದರ ಹಿಂದೆ ಕಪ್ಪು ಹೆಂಟೆ, ಹೆಂಟೆಯಿಂದ ಬಿಡಿಸಿಕೊಂಡು ಉರುಳಿದವು ಗೆಡ್ಡೆಗಳು, ಒಂದೊಂದೂ ಕೋಳಿಮೊಟ್ಟೆಯಷ್ಟು. ಹೊಗೆಯಲ್ಲಿ ಯಾರಿಗೂ ಕಾಣಿಸಲಿಲ್ಲ. ಇನ್ನೊಂದು ಎಂದ ದೊರೆ. ಇನ್ನೊಂದೂ ಹೋಯಿತು. ಬೆಂಕಿ ಆರಿತು, ಮಾಸ್ತರರು ಮೀಸೆಯೊಳಗೇ ನಕ್ಕರು. ಹೊನ್ನಯ್ಯ ಮನೆದೇವರಿಗೆ ಕಾಯಿ ಹೇಳಿಕೊಂಡ.

ದೊರೆ ಒಳಗೆ ಹೋಗಿ ರಿಜಿಸ್ಟರು ಬರೆದು ಹೊರಡುವ ಹೊತ್ತಿಗೆ ಕೆಂಡದಿಂದ ಘಮ್ಮೆಂದು ಸುಟ್ಟ ಆಲೂಗೆಡ್ಡೆಯ ವಾಸನೆ ಎದ್ದಿತು.

ಆ ವಾಸನೆ ಶಿವನಿಯವರಿಗೆ ಹೊಸದು, ದೊರೆಗೆ ಹೊಸದಲ್ಲ. ಹೊರಟವನು ತಿರುಗಿ ಬಂದ. ಬೆತ್ತದಿಂದ ಬೂದಿ ಕೆದಕಿದ. ಸಿಪ್ಪೆ ಬಿರಿದು ಹಳದಿ ತೋರಿದ ಗೆಡ್ಡೆಯೊಂದು ಅವನ ಬೂಟಿನ ಹತ್ತಿರ ಉರುಳಿ ನಿಂತಿತು.

"ಇದು ಯಾರ ಕೆಲಸ?" ಮಾಸ್ತರರು ಕೂಗಿದರು.

ಹೊನ್ನಯ್ಯನಿಗೆ ತಮ್ಮನ ಬಾಗಿಲು ಕಣ್ಣಿಗೆ ಕಟ್ಟಿತು.

ಬೇಲಿಯ ಆಚೆಯಿಂದ ಕರಿಬಸಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಬಂದಳು. "ನಂದು ಬುದ್ದಿ. ನಾನೇ ಕದ್ದು ಹಾಕ್ದೆ. ನಮ್ಮೆಜಮಾನ್ರಿಗೆ ಗೊತ್ತಿಲ್ಲ."

ಮಾಸ್ತರರು ಅದನ್ನು ದೊರೆಗೆ ಹೇಳಿ, ದೊರೆ ಅಂದದ್ದನ್ನು ಹೊನ್ನಯ್ಯನಿಗೆ ಹೇಳಿದರು. "ನಿನಗೆ ಗೊತ್ತಿತ್ತೋ ಇಲ್ಲವೋ, ಅದನ್ನ ಹೇಳು."

"ಇಲ್ಲ ಬುದ್ದಿ."

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹೆದರಿದವನ ನಾಲಿಗೆ ಒಮ್ಮೆ ಹರಿದರೆ ನಿಲ್ಲುವುದಿಲ್ಲ. ಹೆಂಡತಿಯ ಕಡೆ ತಿರುಗಿ ಕೂಗಿದ. "ಲೇ ಮುಂಡೇದೇ, ಸರ್ಕಾರದ್ ಬಕೀಟು ನಿಮ್ಮಪ್ಪನ ಹೊಲ ಅನ್ಕಂಡ್ಯಾ? ಗೊತ್ತಿದ್ರೆ ಕೈ ಮುರೀತಿದ್ದೆ ನಿಂದು!" ಕೈಯನ್ನೂ ಎತ್ತಿದ.

ದೊರೆ ಬೆತ್ತ ಅಡ್ಡ ಹಿಡಿದ. ಹೆಂಗಸಿನ ಮೇಲೆ ಕೈ ಮಾಡಬಾರದು, ಆರೂ ಬಕೀಟಿಗೆ ಇವತ್ತೇ ಮರಳು ತುಂಬಬೇಕು, ಮನೆಯವರನ್ನು ಹದ್ದುಬಸ್ತಿನಲ್ಲಿಡಬೇಕು ಎಂದು ಹೇಳಿ ಟ್ರಾಲಿ ಹತ್ತಿದ. ಟ್ರಾಲಿ ಕಣ್ಮರೆಯಾಗುತ್ತಲೇ ಹೊನ್ನಯ್ಯ ಬುಟ್ಟಿ ಹೊತ್ತು ಹಳ್ಳದ ಕಡೆ ಹೊರಟ.

ಸಂಜೆಗೆ ಮರಳು ತುಂಬಿ ಮನೆಗೆ ಬಂದಾಗ ಕರಿಬಸಮ್ಮ ಬೂದಿಯಿಂದ ಆಯ್ದ ಗೆಡ್ಡೆಗಳನ್ನು ಒಲೆಯ ಕೆಂಡದಲ್ಲಿ ಮತ್ತೆ ಬಿಸಿಮಾಡಿ, ಉಜ್ಜಿ ಸಿಪ್ಪೆ ತೆಗೆಯುತ್ತಿದ್ದಳು. ಹೊನ್ನಯ್ಯನಿಗೆ ಹಗುರವಾಗಿತ್ತು, ನಗುವೂ ಬಂತು.

"ಕೆಲ್ಸ ಉಳೀತು ಕಣೇ" ಎಂದ.

"ಹೂಂ, ಉಳೀತು." ಎಲೆ ಹಾಕಿ, ಉಪ್ಪು ಮೆಣಸಿನಕಾಯಿ ಇಟ್ಟು, ಎರಡು ಗೆಡ್ಡೆ ಬಡಿಸಿದಳು. ಅವನು ಒಂದನ್ನು ಮುರಿದು ಬಾಯಿಗಿಟ್ಟ. ಬಿಸಿಯಾಗಿ, ಬೆಣ್ಣೆಯಂತೆ ಮೆತ್ತಗಿತ್ತು.

"ಗೊತ್ತಿಲ್ಲ ಅಂದ್ರಲ್ಲ, ಅದನ್ನ ನಾನೇ ಹೇಳ್ಕೊಟ್ಟೆ" ಎಂದಳು ಕರಿಬಸಮ್ಮ, ತಲೆ ಎತ್ತದೆ. "ಕೈ ಎತ್ತಿದ್ರಲ್ಲ, ಅದನ್ನ ಯಾರ್ ಹೇಳ್ಕೊಟ್ರು?"

ಹೊನ್ನಯ್ಯನಿಗೆ ಬಾಯಲ್ಲಿದ್ದದ್ದನ್ನು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅವಳು ಇನ್ನೊಂದು ಗೆಡ್ಡೆಯ ಸಿಪ್ಪೆ ತೆಗೆದು ಅವನ ಎಲೆಗೇ ಇಟ್ಟಳು.